ಚಿಗವ್ವನ ಬ್ಯಾಟರಿ

ನಮ್ಮ ಚಿಗವ್ವನ ಮಾತು ಒಂದು ತಾಸು ಇಪ್ಪತ್ತು ನಿಮಿಷಕ್ಕೆ ಮುಗಿಯುವ ದಿನ ಬರುತ್ತದೆ ಎಂದು ಮೊದಲೇ ಯಾರಾದರೂ ಹೇಳಿದ್ದರೆ ನಮ್ಮ ಮನೆತನದಲ್ಲಿ ಪೇಢೆ ಹಂಚುತ್ತಿದ್ದರು. ಚಿಗವ್ವ ಅಂದರೆ ನನ್ನ ತಾಯಿಯ ತಂಗಿ, ಮೂವರು ಅಕ್ಕತಂಗಿಯರಲ್ಲಿ ಕಡೆಯವಳು. ಖಾನಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಾಳಿಗೆಯ ಮೇಲೆ ಮೂವತ್ತು ವರ್ಷ ಟೈಪಿಂಗ್ ಕ್ಲಾಸ್ ನಡೆಸಿದಳು. ಹತ್ತು ಟೈಪ್‌ರೈಟರುಗಳು ಒಟ್ಟಿಗೆ ಕಟಕಟ ಅನ್ನುವ ಕೋಣೆಯಲ್ಲಿ ಮೂವತ್ತು ವರ್ಷ ಮಾತಾಡಿದವಳ ದನಿ ಹೇಗಿರಬೇಕು ಎಂದು ನೀವೇ ಊಹಿಸಿಕೊಳ್ಳಿ. ಕನ್ನಡದಲ್ಲಿ ಬೈಯಲು ಶುರು ಮಾಡಿ ಮರಾಠಿಯಲ್ಲಿ ಮುಗಿಸುತ್ತಿದ್ದಳು. ನಡುವೆ ಉಸಿರು ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, “ನೋಡಾಕ ಬಂದವ್ರೆಲ್ಲಾ ತಾವ ಮಾತಾಡಿ ಹೋದ್ರು, ನನಗ ಪಾಳಿನ ಬರಲಿಲ್ಲ” ಎನ್ನುತ್ತಿದ್ದಳು.

ಆ ದನಿ ಒಂದು ಮಳೆಗಾಲದಲ್ಲಿ ಗೊಗ್ಗರಾಯಿತು. ನಾನು ಪ್ರತಿ ರವಿವಾರ ಬೆಳಗಾವಿಯಿಂದ ಹೋಗಿ ದವಾಖಾನೆಗೆ ಬಾ ಎಂದು ಕೈ ಮುಗಿದೆ, ಜಗಳ ಮಾಡಿದೆ, ಒಮ್ಮೆ ರಿಕ್ಷಾ ತಂದು ಬಾಗಿಲಿಗೇ ನಿಲ್ಲಿಸಿದೆ. “ಗಂಟಲಾ ಕೆಟ್ರ ಯಾರಾದ್ರೂ ಸಾಯ್ತಾರೇನೋ? ಜೇಷ್ಠಮಧ ಕಡಿಯಾಕತ್ತೇನಿ, ಹೋಗ್ತದ” ಎಂದು ರಿಕ್ಷಾದವನಿಗೆ ಚಹಾ ಕುಡಿಸಿ ಕಳಿಸಿಬಿಟ್ಟಳು. ಹೀಗೆ ಎಂಟು ತಿಂಗಳು ತಳ್ಳಿದಳು. ಕಡೆಗೆ ಬೆಳಗಾವಿಯ ನೆಹರು ನಗರದ ದೊಡ್ಡ ದವಾಖಾನೆಗೆ ಕರೆದೊಯ್ದಾಗ ಡಾಕ್ಟರರು, ಜೀವ ಉಳಿಸುತ್ತೇವೆ, ದನಿ ಉಳಿಯುವುದಿಲ್ಲ ಎಂದರು. ಧ್ವನಿಪೆಟ್ಟಿಗೆ ತೆಗೆದುಹಾಕಿ, ಉಸಿರಾಡುವುದಕ್ಕೆ ಕೊರಳಲ್ಲೇ ಒಂದು ತೂತು ಬಿಟ್ಟರು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಎಂಟು ತಿಂಗಳು, ಶಿವನೇ! ಬೆಳಗಾವಿಗೆ ಬರುವುದಕ್ಕೆ ಮುಕ್ಕಾಲು ತಾಸಿನ ದಾರಿ.

ಆಪರೇಷನ್ ಆದ ಮೂರನೆಯ ದಿನ ಚಿಗವ್ವ ಕೈಸನ್ನೆ ಮಾಡಿ ಪೆನ್ನು ಕೇಳಿದಳು. ನೀರು ಬೇಕೋ, ನೋವು ಆಗುತ್ತಿದೆಯೋ ಎಂದು ನಾನು ಗಾಬರಿಯಾಗಿ ಔಷಧಿ ಚೀಟಿಯ ಹಿಂಬದಿಯನ್ನೇ ಕೊಟ್ಟೆ. ಅದರ ಮೇಲೆ ಹೀಗೆ ಬರೆದಳು: “ಅವ್ವನೂ ಹಿಂಗ ದವಾಖಾನಿ ಒಲ್ಲೆ ಅಂದಿರಬೇಕು. ಅಕ್ಕನ ತಪ್ಪಿಲ್ಲ.”

ಅಕ್ಕ ಅಂದರೆ ಪಾರಿಶ್ವಾಡಕ್ಕೆ ಕೊಟ್ಟಿದ್ದ ನನ್ನ ದೊಡ್ಡವ್ವ. ಮೂವರಲ್ಲಿ ಹಿರಿಯಳು. ನಮ್ಮ ಆಯಿ, ಅಂದರೆ ಇವರ ತಾಯಿ, ಕಡೆಯ ದಿನಗಳಲ್ಲಿ ಅವಳ ಮನೆಯಲ್ಲೇ ಇದ್ದಳು. ಮೂರು ದಿನ ಎದೆನೋವು ಅಂತ ಮಲಗಿ, ನಾಲ್ಕನೆಯ ದಿನ ತೀರಿಕೊಂಡಳು. ಖಾನಾಪುರಕ್ಕೆ ಸುದ್ದಿ ಬಂದದ್ದು ತೀರಿಕೊಂಡ ಮೇಲೆ. ಆಯಿಯನ್ನು ಪಡಸಾಲೆಯಲ್ಲಿ ವಿಭೂತಿ ಹಚ್ಚಿ ಕೂಡಿಸಿದ್ದರು, ಊರವರೆಲ್ಲ ಸುತ್ತ ಕೂತಿದ್ದರು. ಚಿಗವ್ವ ಒಳಗೆ ಬಂದವಳೇ ಅಕ್ಕನ ಎದುರು ನಿಂತು, ಟೈಪಿಂಗ್ ಕ್ಲಾಸಿನ ದನಿಯಲ್ಲಿ, “ನಮ್ಮವ್ವನ್ನ ನೀನ ಕೊಂದಿ. ದವಾಖಾನಿಗೆ ಒಯ್ಯಲಾರದ ಕೊಂದಿ” ಎಂದಳು. ಭಜನೆ ನಿಂತಿತು. ದೊಡ್ಡವ್ವ ಏನೂ ಅನ್ನಲಿಲ್ಲ. ಅಂದಿನಿಂದ ಹನ್ನೊಂದು ವರ್ಷ ಅಕ್ಕತಂಗಿಯರು ಒಬ್ಬರ ಮನೆ ಹೊಸ್ತಿಲು ಒಬ್ಬರು ತುಳಿದಿರಲಿಲ್ಲ. ನಡುವಿನವಳಾದ ನನ್ನ ತಾಯಿ ಇದ್ದಿದ್ದರೆ ಏನಾದರೂ ಮಾಡುತ್ತಿದ್ದಳೋ ಏನೋ, ಅವಳು ಅದಕ್ಕೂ ಮೊದಲೇ ಹೋಗಿದ್ದಳು.

ಈಗ ಚಿಗವ್ವನಿಗೆ ಒಂದೇ ಹಟ. ಪಾರಿಶ್ವಾಡಕ್ಕೆ ಹೋಗಬೇಕು, ಅದೇ ಪಡಸಾಲೆಯಲ್ಲಿ, ಅದೇ ಮಂದಿಯ ಮುಂದೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಒಂದು ಕಾಗದ ಬರೆದು ಕೊಡು, ನಾನೇ ಒಯ್ದು ಮುಟ್ಟಿಸುತ್ತೇನೆ ಎಂದೆ. ಚೀಟಿಯ ಮೇಲೆ ಬರೆದಳು: “ಕೇಳೂ ಹಂಗ ಅಂದೇನಿ. ಕೇಳೂ ಹಂಗನ ತಪ್ಪಾತು ಅನಬೇಕು.” ನಮ್ಮ ಕಡೆ ಇದೊಂದು ಹಟ ಎಲ್ಲರಲ್ಲೂ ಇದೆ. ಮಂದಿ ಮುಂದೆ ಆಡಿದ ಮಾತಿಗೆ ಮನೆಯೊಳಗೆ ಕದ ಹಾಕಿಕೊಂಡು ಕೇಳಿದ ಕ್ಷಮೆ ಲೆಕ್ಕಕ್ಕೇ ಇಲ್ಲ.

ಕೇಳುವ ಹಾಗೆ ಅನ್ನುವುದಕ್ಕೆ ದನಿ ಎಲ್ಲಿಂದ ತರುವುದು? ಡಾಕ್ಟರರು ಕೊರಳಿಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ತೋರಿಸಿದರು. ಡಬ್ಬಿಯಲ್ಲಿ ಸಿಕ್ಕ ದುಂಬಿಯ ಹಾಗೆ ಅದು ಗುಂಯ್ ಅಂದಿತು, ಚಿಗವ್ವ ಅದನ್ನು ಮಂಚದ ಕೆಳಗೆ ಹಾಕಿದಳು. ಮೊಬೈಲಿನಲ್ಲಿ ಬರೆದರೆ ಅದು ಓದುತ್ತದೆ ಎಂದು ತೋರಿಸಿದೆ. ಟೈಪಿಂಗ್ ಕಲಿಸಿದ ಬೆರಳಿಗೆ ಗಾಜು ಸವರುವುದು ಅವಮಾನ. ಆಗ ನನ್ನ ತಲೆಗೆ ಹೊಳೆದದ್ದು ಹಳೆಯ ಲ್ಯಾಪ್‌ಟಾಪ್. ನಾನು ಬೆಳಗಾವಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುವವನು. ಎಲ್ಲರೂ ಕೈಬಿಟ್ಟ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿ, “ನೋಡ್ರಿ, ಓಡಾಕತ್ತೈತಿ” ಎಂದು ಸ್ಟಾಫ್ ರೂಮಿನಲ್ಲಿ ತೋರಿಸಿ ಎಲ್ಲರಿಗೂ ಬೇಜಾರು ಮಾಡುವುದು ನನ್ನ ಹವ್ಯಾಸ. ಲಿನಕ್ಸಿನಲ್ಲಿ ಕನ್ನಡ ಓದಿ ಹೇಳುವ ಪುಕ್ಕಟೆ ದನಿ ಒಂದಿತ್ತು. ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಗಟ್ಟಿಯಾಗಿ ಹೇಳುವ ಹಾಗೆ ಮಾಡಿಕೊಟ್ಟೆ.

ದನಿ ಗಂಡಸಿನದು. ಸುಖವಾಗಲಿ ದುಃಖವಾಗಲಿ ಎಲ್ಲವನ್ನೂ ಬಸ್ ಸ್ಟ್ಯಾಂಡಿನಲ್ಲಿ ಬಸ್ ನಂಬರ್ ಕೂಗಿದ ಹಾಗೆ ಕೂಗುತ್ತಿತ್ತು. ಚಿಗವ್ವ ಮೊದಲ ದಿನವೇ ಅದರಿಂದ ಪಕ್ಕದ ಮನೆಯವಳನ್ನು ಬೈದಳು. ಬೈಗುಳದಲ್ಲಿ ಬಂದ ಮರಾಠಿ ಶಬ್ದಗಳನ್ನು ಅದು ಒಂದೊಂದೇ ಅಕ್ಷರ ಕಡಿದು ಕಡಿದು ಹೇಳಿತು. ಬೈಸಿಕೊಂಡವಳು ನಗುತ್ತ ಗೋಡೆಗೆ ಆತುಕೊಂಡಳು. ಚಿಗವ್ವನಿಗೆ ಸಿಟ್ಟು ಬಂದು ಇನ್ನಷ್ಟು ಟೈಪ್ ಮಾಡಿದಳು. ಅಷ್ಟರಲ್ಲಿ ಸ್ಕ್ರೀನು ಕಪ್ಪಾಯಿತು. ಗಡಿಯಾರ ನೋಡಿದೆ. ಒಂದು ತಾಸು ಇಪ್ಪತ್ತು ನಿಮಿಷ.

ಮಳೆಗಾಲದಲ್ಲಿ ಖಾನಾಪುರ ತಾಲೂಕಿನ ಕರೆಂಟಿನ ವಿಷಯ ಹೇಳಬೇಕಾಗಿಲ್ಲ. ಪಾರಿಶ್ವಾಡದಲ್ಲಿ ಹಗಲು ಹೊತ್ತು ಅದು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಚಿಗವ್ವ ಕೂತು ಲೆಕ್ಕ ಹಾಕಿ ಟೈಪ್ ಮಾಡಿದಳು. ಯಂತ್ರ ಗಂಭೀರವಾಗಿ ಹೇಳಿತು: “ಹ್ವಾದಕೂಡ್ಲೆ ತಪ್ಪಾತು ಅನ್ನಾಕ ಬರಂಗಿಲ್ಲ. ಮೊದ್ಲ ನೀರು. ಆಮ್ಯಾಲ ಚಹಾ. ಆಮ್ಯಾಲ ಮಳಿ ಬೆಳಿ. ಆಮ್ಯಾಲ ಯಾರ ಮನ್ಯಾಗ ಯಾರ ಸತ್ರು, ಯಾರ ಹುಟ್ಟಿದ್ರು. ಮಾತಿಗಿ ಮಾತು ಕೂಡಾಕ ಮೂರು ತಾಸ ಬೇಕು. ನನಗ ನಾಕು ತಾಸ ಕೊಡು.” ನಾನು ಎಂಜಿನಿಯರ್ ಮನುಷ್ಯ, ಹೋದ ಕೂಡಲೇ ಹೇಳಿಬಿಡು ಎಂದೆ. ಅವಳು ನನ್ನನ್ನು ನೋಡಿದ ರೀತಿ, ಸಾಲಿ ಕಲಿತು ಹಾಳಾದವನನ್ನು ನೋಡುವ ರೀತಿ.

ನಾಲ್ಕು ತಾಸು! ಹೊಸ ಬ್ಯಾಟರಿ ಹಾಕಿಸಿದೆ. ಎರಡು ತಾಸಿಗೆ ಬಂತು. ಮುಂದಿನ ಎರಡು ತಾಸಿಗಾಗಿ ನಾನು ಎರಡು ತಿಂಗಳು ಕಳೆದೆ. ನಮ್ಮ ಮನೆ ರವಿವಾರ ಪೇಟೆಯಲ್ಲಿ, ಕೆಳಗೆ ಮೆಣಸಿನಕಾಯಿಯ ಸಗಟು ಅಂಗಡಿ. ಅಲ್ಲಿ ಚೀಲ ಇಳಿಸಿದಾಗಲೆಲ್ಲ ಮೇಲೆ ಸೀನುತ್ತ ಸೀನುತ್ತ ನಾನು ಇಂಟರ್ನೆಟ್ಟಿನ ಲಿನಕ್ಸ್ ಫೋರಂಗಳನ್ನು ಓದಿದೆ. ಅಲ್ಲಿ ಮಠದ ಜಗಳಕ್ಕಿಂತ ದೊಡ್ಡ ಜಗಳ. ಒಬ್ಬ ಬ್ಯಾಟರಿ ಉಳಿಸುವ ಪ್ರೋಗ್ರಾಂ ಹಾಕು ಎಂದರೆ ಇನ್ನೊಬ್ಬ ಅದನ್ನು ಹಾಕಿದವನು ಮೂರ್ಖ ಎನ್ನುತ್ತಿದ್ದ. ಎರಡನ್ನೂ ಹಾಕಿದೆ. ಎರಡೂ ಕೂಡಿ ಕಿತ್ತಾಡಿದವು, ಬ್ಯಾಟರಿ ಮೊದಲಿಗಿಂತ ಬೇಗ ಮುಗಿಯಿತು. ಒಂದನ್ನು ತೆಗೆದೆ. ಬ್ಲೂಟೂತ್ ಬಂದ್ ಮಾಡಿದೆ, ವೈಫೈ ಬಂದ್ ಮಾಡಿದೆ, ಪ್ರೊಸೆಸರಿನ ವೇಗ ಇಳಿಸಿದೆ, ಹಿಂದೆ ಸುಮ್ಮನೆ ಫೈಲು ಹುಡುಕುತ್ತ ಕೂಡುವ ಪ್ರೋಗ್ರಾಂ ಕಿತ್ತೆ. ಯಾವುದು ಎಷ್ಟು ವಿದ್ಯುತ್ ತಿನ್ನುತ್ತದೆ ಎಂದು ತೋರಿಸುವ ಪಟ್ಟಿಯೊಂದಿದೆ. ನಾನು ಅದನ್ನು ಹಗಲೆಲ್ಲ ತೆರೆದಿಟ್ಟುಕೊಂಡು ಕೂಡುತ್ತಿದ್ದೆ. ಒಂದು ದಿನ ನೋಡಿದರೆ ಆ ಪಟ್ಟಿಯಲ್ಲಿ ಎರಡನೆಯ ಹೊಟ್ಟೆಬಾಕ ಆ ಪಟ್ಟಿಯೇ ಆಗಿತ್ತು. “ನಿಮ್ಮಂಗ ಐತಿ” ಎಂದಳು ನನ್ನ ಹೆಂಡತಿ.

ಮನೆಯಲ್ಲಿ ಮೂರು ತಾಸು ಬಂದದ್ದು ಖಾನಾಪುರದಲ್ಲಿ ಒಂದೂವರೆ ತಾಸೂ ಬರುತ್ತಿರಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಒಂದು ರವಿವಾರ ಹೇಳದೆ ಕೇಳದೆ ಹೋದೆ. ಚಿಗವ್ವ ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬಿಯ ಮೇಲಿಟ್ಟು ಸೊಪ್ಪು ಸೋಸುತ್ತ, ನಾನು ಬಂದ್ ಮಾಡಿದ್ದ ವೈಫೈ ಮತ್ತೆ ಹಚ್ಚಿಕೊಂಡು, ಧಾರಾವಾಹಿ ನೋಡುತ್ತಿದ್ದಳು.

“ಯವ್ವಾ! ಮಾತಾಡ್ಲಿ ಅಂತ ಕೊಟ್ಟಿದ್ದು ಇದು. ಇದರಾಗ ಧಾರಾವಾಹಿ ನೋಡ್ತೀಯೇನು?” ಎಂದು ಒದರಿದೆ.

ಅವಳು ಸೊಪ್ಪಿನ ಕೈ ಒರೆಸಿಕೊಂಡು ಟೈಪ್ ಮಾಡಿದಳು. ಯಂತ್ರ ಕೂಗಿತು: “ಬಾಯಿ ಇದ್ದಾಗ ಬರೇ ಮಾತಾಡ್ತಿದ್ನೇನು? ಅದರಲೇನ ಊಟಾನೂ ಮಾಡ್ತಿದ್ನಿ.”

ನನಗೆ ನಗು ಬಂತು. ಹಳೆಯ ಮೊಬೈಲೊಂದನ್ನು ಧಾರಾವಾಹಿಗೆ ಅಂತ ಬೇರೆ ಕೊಟ್ಟೆ. ಆಮೇಲೆ ಸ್ಕ್ರೀನಿನ ಬೆಳಕು ಇಳಿಸುವ ವಿಷಯ ತೆಗೆದೆ. ಎಲ್ಲಕ್ಕಿಂತ ಹೆಚ್ಚು ತಿನ್ನುವುದು ಅದೇ, ಕಣ್ಣಿಗೆ ತ್ರಾಸು ಆಗದಷ್ಟು ಇಳಿಸೋಣ, ಇಷ್ಟು ಸಾಕೇ, ಇಷ್ಟು ಕಾಣುತ್ತದೆಯೇ ಎಂದು ಕೇಳುತ್ತ ಹೋದೆ. ಅವಳು ಸ್ವಲ್ಪ ಹೊತ್ತು ಸಹಿಸಿಕೊಂಡಳು. ಆಮೇಲೆ ಎದ್ದು ಹೋಗಿ ಒಂದು ಕರ್ಚೀಫು ತಂದು ತನ್ನ ಕಣ್ಣಿಗೆ ತಾನೇ ಬಿಗಿಯಾಗಿ ಕಟ್ಟಿಕೊಂಡು ಕೂತಳು. ಬೆರಳು ಕೀಲಿಗಳ ಮೇಲೆ ಇಟ್ಟಳು. ಒಂದೂ ತಪ್ಪಿಲ್ಲದೆ ಯಂತ್ರ ಹೇಳಿತು: “ನನ್ನ ಕ್ಲಾಸಿನ್ಯಾಗ ಪರೀಕ್ಷಾ ಹಿಂಗ ತಗೋತಿದ್ನಿ. ಕೀಲಿ ನೋಡಿ ಹೊಡಿಯಾವ ಟೈಪಿಸ್ಟ್ ಅಲ್ಲ. ಸ್ಕ್ರೀನ್ ಪೂರಾ ಬಂದ್ ಮಾಡು.”

ಪೂರಾ ಬಂದ್ ಮಾಡಿದೆ. ನಾಲ್ಕು ತಾಸು ನಲವತ್ತು ನಿಮಿಷ ಬಂತು. ಎರಡು ತಿಂಗಳು ನಾನು ಓದಿದ ಜ್ಞಾನವೆಲ್ಲ ಕೂಡಿ ಒಂದು ತಾಸು ಗಳಿಸಿದ್ದರೆ, ಅವಳ ಕರ್ಚೀಫು ಒಂದು ಕ್ಷಣದಲ್ಲಿ ಅದಕ್ಕಿಂತ ಹೆಚ್ಚು ಗಳಿಸಿತ್ತು. ನನಗೆ ಸಂತೋಷವಾಗಬೇಕಾಗಿತ್ತು. ಖರೇ ಹೇಳಬೇಕೆಂದರೆ ಸಂಕಟವಾಯಿತು. ಆ ಸಂಕಟದಲ್ಲಿ ನಾನೂ ಏನಾದರೂ ಮಾಡಲೇಬೇಕು ಎಂದು ಎರಡು ಕೆಲಸ ಮಾಡಿದೆ. ಬ್ಯಾಟರಿ ಮುಗಿಯುತ್ತ ಬಂದಾಗ ಟೀಂವ್ ಟೀಂವ್ ಅನ್ನುವ ಎಚ್ಚರಿಕೆ ಅವಳ ಮಾತಿನ ನಡುವೆ ಬಾಯಿ ಹಾಕುತ್ತಿತ್ತು, ಅದನ್ನು ಮುಚ್ಚಿಸಿದೆ. ಇನ್ನೊಂದು ಏನು ಮಾಡಿದೆ ಎಂಬುದು ಅವಳಿಗೆ ಪಾರಿಶ್ವಾಡದ ಬಸ್ಸಿನಲ್ಲಿ ಗೊತ್ತಾಯಿತು.

ಪಾರಿಶ್ವಾಡದಿಂದ ದೊಡ್ಡಪ್ಪ ಅವರೇ ಫೋನ್ ಮಾಡಿ, “ಬರ್ರಿ, ಇನ್ನ ಎಷ್ಟ ದಿನ ಹಿಂಗ” ಎಂದಿದ್ದರು. ದೊಡ್ಡವ್ವ ಫೋನಿಗೆ ಬರಲಿಲ್ಲ. ಅಷ್ಟೇ ಸಾಕು ಎಂದು ಒಂದು ರವಿವಾರ ಮುಂಜಾನೆ ಖಾನಾಪುರದಿಂದ ಬಸ್ ಹತ್ತಿದೆವು. ಹಿಂದಿನ ದಿನವೆಲ್ಲ ನಾನೇ ನಮ್ಮ ಮನೆಯಲ್ಲಿ ಚಾರ್ಜಿಗೆ ಇಟ್ಟು ತಂದಿದ್ದೆ. ಚಿಗವ್ವ ಹಸಿರು ಇಳಕಲ್ ಸೀರೆ ಉಟ್ಟು, ಕೊರಳ ತೂತಿನ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿಕೊಂಡು, ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬಸ್ ಊರು ದಾಟಿದ ಮೇಲೆ ಸ್ಕ್ರೀನ್ ಹಚ್ಚಿ ನೋಡಿ ನನ್ನನ್ನು ತಿವಿದಳು. ಬ್ಯಾಟರಿ ಎಂಬತ್ತು ತೋರಿಸುತ್ತಿತ್ತು. ಯಾಕೆ ಎಂದು ಹುಬ್ಬು ಹಾರಿಸಿದಳು.

ಪೂರ್ತಿ ನೂರಕ್ಕೆ ತುಂಬಿಸಿದರೆ ಬ್ಯಾಟರಿ ಬೇಗ ಮುದಿಯಾಗುತ್ತದೆ, ಎಂಬತ್ತಕ್ಕೆ ನಿಲ್ಲಿಸಿದರೆ ನಾಲ್ಕಾರು ವರ್ಷ ಹೆಚ್ಚು ಬಾಳುತ್ತದೆ ಎಂದು ಫೋರಂನಲ್ಲಿ ಓದಿ ಹಾಗೆ ಕಟ್ಟಿಹಾಕಿದ್ದೆ. ಇವತ್ತೊಂದು ದಿನಕ್ಕೆ ಬಿಚ್ಚುವುದು ಮರೆತುಹೋಗಿತ್ತು. ತೊದಲುತ್ತ ಇದನ್ನೆಲ್ಲ ಹೇಳಿದೆ. ಅವಳು ಟೈಪ್ ಮಾಡಿದಳು. ಬಸ್ಸಿನ ಮಂದಿಯೆಲ್ಲ ತಿರುಗಿ ನೋಡುವ ಹಾಗೆ ಯಂತ್ರ ಕೂಗಿತು: “ನಾ ಸತ್ತ ಮ್ಯಾಲೂ ಇದು ಮಾತಾಡಬೇಕೇನೋ?” ಕಂಡಕ್ಟರ್ ನಕ್ಕ. ನನಗೆ ನೆಲ ಬಿರಿಯಬಾರದೇ ಅನಿಸಿತು. ಹೇಗೂ ಮೂರೂವರೆ ತಾಸು ಬರುತ್ತದೆ, ಸ್ವಲ್ಪ ಹಿಡಿದು ಮಾತಾಡು ಎಂದು ಕೈ ಮುಗಿದೆ.

ಹಿಡಿದು ಮಾತಾಡು ಎನ್ನುವುದು! ಚಿಗವ್ವನಿಗೆ! ಪಾರಿಶ್ವಾಡ ಮುಟ್ಟಿದಾಗ ದೊಡ್ಡವ್ವ ಹೊಸ್ತಿಲಲ್ಲೇ ನಿಂತಿದ್ದಳು. ಹನ್ನೊಂದು ವರ್ಷದಲ್ಲಿ ತಲೆ ಪೂರಾ ಬೆಳ್ಳಗಾಗಿತ್ತು. “ಬಾ, ಕುಂದರು” ಎಂದು ನನಗೆ ಅಂದಳು, ತಂಗಿಯ ಕೊರಳ ಬಟ್ಟೆಯನ್ನು ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದಳು. ನೀರು ಬಂತು. ಚಹಾ ಬಂತು. ಸುದ್ದಿ ಕೇಳಿ ಓಣಿಯ ಮಂದಿ ಬಂದು ಪಡಸಾಲೆ ತುಂಬಿತು. ಆಯಿ ಹೋದ ದಿನ ಅಲ್ಲಿ ಕೂತಿದ್ದವರೇ ಬಹಳ ಜನ. ಅದೇ ಬೇಕಾಗಿತ್ತು ನಮಗೆ. ಚಿಗವ್ವ ಕಂಬಕ್ಕೆ ಒರಗಿ ಕೂತು, ಸ್ಕ್ರೀನ್ ಬಂದ್ ಮಾಡಿ, ಬೆರಳು ಇಟ್ಟಳು.

ಬಾಜು ಮನೆಯ ಮುದುಕಿಯೊಬ್ಬಳು ಲ್ಯಾಪ್‌ಟಾಪಿನ ಹಿಂದೆ ಹೋಗಿ ಬಗ್ಗಿ ನೋಡಿ, “ಇದರಾಗ ಯಾವ ಗಂಡಸ್ನ ಕುಂದರಿಸೀಯವ್ವಾ?” ಎಂದಳು. ಪಡಸಾಲೆ ನಕ್ಕಿತು. ಯಂತ್ರ ಹೇಳಿತು: “ಗಂಡ ಸಿಗಲಿಲ್ಲಂತ ಗಂಡಸಿನ ದನಿ ಕೊಟ್ಟಾರ ಬೇ.” ಇನ್ನಷ್ಟು ನಗು. ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು. ಹನ್ನೊಂದು ವರ್ಷದ ಮೇಲೆ ಸಿಕ್ಕ ಮಂದಿ, ಹೋಗಿ ತಿರುಗಿ ಸಿಕ್ಕ ದನಿ, ನಿಲ್ಲುವವಳೇ ಅವಳು? ಯಾರ ಎಮ್ಮೆ ಏನಾಯಿತು, ಸೋಯಾಬೀನ್ ಹೇಗಿದೆ, ಯಾರ ಸೊಸೆ ಯಾಕೆ ತವರಿಗೆ ಹೋಗಿದ್ದಾಳೆ, ಎಲ್ಲ ಕೇಳಿದಳು. ಎಲ್ಲದಕ್ಕೂ ತನ್ನದೊಂದು ಸೇರಿಸಿದಳು. ದೊಡ್ಡವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಾನು ಗಡಿಯಾರ ತೋರಿಸಿ ಸನ್ನೆ ಮಾಡಿದೆ. “ಅವಸರ ಮಾಡಬ್ಯಾಡ, ಮಾತಿಗಿ ಮಾತು ಕೂಡಬೇಕು” ಎಂದು ಯಂತ್ರ ಎಲ್ಲರ ಮುಂದೆ ನನ್ನ ಮಾನ ತೆಗೆಯಿತು.

ಅಷ್ಟರಲ್ಲಿ ದೊಡ್ಡಪ್ಪ ಅವರು ಒಳಗಿನಿಂದ ತಮ್ಮ ಮೊಬೈಲು ಮತ್ತು ಒಂದು ವೈರು ಹಿಡಿದು ಬಂದರು. “ಮುಂಜಾನಿಂದ ಕರೆಂಟ್ ಇಲ್ಲ ನೋಡಪಾ. ಇದರಾಗ ಐತೆಲ್ಲಾ, ಜರಾ ಹಚ್ಚತೇನಿ” ಎಂದವರೇ ಚಿಗವ್ವನ ಯಂತ್ರದ ಪಕ್ಕೆಗೆ ವೈರು ಚುಚ್ಚಿಬಿಟ್ಟರು. ದೊಡ್ಡಪ್ಪ ನಮ್ಮ ಮನೆತನದ ಹಿರಿಯ ಅಳಿಯ. ಹಿರಿಯ ಅಳಿಯ ಊಟದ ತಾಟು ಬೇಡ ಅಂದರೂ ನಾವು ಹೆದರುವ ಮಂದಿ. ಅವರ ಮೊಬೈಲಿನ ವೈರು ಕೀಳಲು ನನ್ನ ಕೈ ಹೋಗಲಿಲ್ಲ. ಎರಡು ತಿಂಗಳು ಹನಿ ಹನಿ ಉಳಿಸಿದ್ದನ್ನು ಆ ಮೊಬೈಲು ಕರು ಹಾಲು ಕುಡಿದ ಹಾಗೆ ಕುಡಿಯಿತು. ಮೊಬೈಲು ತುಂಬಿದ ಮೇಲೆ ಅವರು ಅದನ್ನು ತೆಗೆದು ಇನ್ನೊಬ್ಬರದನ್ನು ಹಚ್ಚಿದರು.

ಊಟದ ಹೊತ್ತು ದಾಟಿತ್ತು. ಮಾತು ತಾನೇ ಸೊರಗಿ, ಪಡಸಾಲೆಯಲ್ಲಿ ಎಲ್ಲರೂ ಒಮ್ಮೆಗೇ ಸುಮ್ಮನಾದರು. ಚಿಗವ್ವ ಕಾಯುತ್ತಿದ್ದದ್ದು ಇದೇ ಗಳಿಗೆಯನ್ನು ಎಂದು ನನಗೆ ಆಗ ತಿಳಿಯಿತು. ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಅಕ್ಕನ ಕಡೆ ತಿರುಗಿ ಕೂತಳು. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದಳು.

“ಅಕ್ಕಾ. ಅವ್ವ ಹೋದ ದಿನ ಇದ ಜಾಗಾದಾಗ ಮಂದಿ ಮುಂದ ನಾ ಒಂದು ಮಾತ ಅಂದಿದ್ನಿ.”

ದೊಡ್ಡವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಚಿಗವ್ವ ಮುಂದಿನ ಸಾಲು ಶುರು ಮಾಡಿದಳು. ಅಕ್ಕನ ಮುಖದಿಂದ ಕಣ್ಣು ತೆಗೆಯದೆ ಟೈಪ್ ಮಾಡಿದಳು. ಉದ್ದ ಸಾಲು. ಕಣ್ಣೀರು ಗದ್ದದಿಂದ ಕೊರಳ ಬಟ್ಟೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಕೀಲಿಗಳ ಟಕಟಕ ಬಿಟ್ಟರೆ ಪಡಸಾಲೆಯಲ್ಲಿ ಸಪ್ಪಳವಿಲ್ಲ. ಎರಡು ಮೂರು ನಿಮಿಷ ಹಾಗೆ ಹೊಡೆದು ಎಂಟರ್ ಒತ್ತಿದಳು.

ಏನೂ ಕೇಳಿಸಲಿಲ್ಲ. ಮತ್ತೆ ಒತ್ತಿದಳು. ನಾನು ಹಾರಿ ಹೋಗಿ ನೋಡಿದೆ. ಪಕ್ಕದ ಸಣ್ಣ ದೀಪ ಆರಿತ್ತು. ಮೊದಲ ಸಾಲು ಹೇಳಿದ ಮೇಲೆ ಯಾವಾಗಲೋ ಯಂತ್ರ ಸತ್ತಿತ್ತು. ಕಪ್ಪು ಸ್ಕ್ರೀನಿನಲ್ಲಿ ಯಾರಿಗೆ ಗೊತ್ತಾಗಬೇಕು? ಎಚ್ಚರಿಕೆಯ ಬಾಯಿ ಮುಚ್ಚಿಸಿದವನು ನಾನೇ. ಹನ್ನೊಂದು ವರ್ಷದ ಮಾತನ್ನು ಅವಳು ಸತ್ತ ಕೀಲಿಗಳ ಮೇಲೆ ಹೊಡೆದಿದ್ದಳು. ಒಂದು ಅಕ್ಷರವೂ ಎಲ್ಲೂ ಉಳಿದಿರಲಿಲ್ಲ. ಆ ಗಳಿಗೆಯಲ್ಲಿ ನನ್ನ ಎಂಜಿನಿಯರಿಂಗ್ ಪದವಿಯನ್ನು ಯಾರಾದರೂ ಕೇಳಿದ್ದರೆ ಪುಕ್ಕಟೆ ಕೊಡುತ್ತಿದ್ದೆ.

“ಏನಾತು?” ಎಂದಳು ದೊಡ್ಡವ್ವ.

“ಬ್ಯಾಟರಿ ಹೋತು ದೊಡ್ಡವ್ವ. ತಪ್ಪು ನಂದು. ಚಿಗವ್ವ ಚೀಟಿ ಮ್ಯಾಲ ಬರದು ಕೊಡ್ಲಿ, ನಾ ಓದತೇನಿ.”

“ನಿನ್ನ ಬಾಯಿಲೆ ಬ್ಯಾಡ,” ಎಂದಳು. “ಅಂದಾಕಿ ಅಕಿ, ಅಕಿನ ಹೇಳ್ಲಿ. ಕರೆಂಟ್ ಬರ್ಲಿ.” ಆಮೇಲೆ ಮಂದಿಯ ಕಡೆ ತಿರುಗಿ, “ದೀಪಾ ಬಂದಕೂಡ್ಲೆ ಎಲ್ಲಾರೂ ಮತ್ತ ಬರ್ರಿ. ಒಬ್ರೂ ತಪ್ಪಸಬ್ಯಾಡ್ರಿ” ಎಂದು ಕಳಿಸಿದಳು. ಅದನ್ನು ಕೇಳಿ ನನ್ನ ಮೈ ಉರಿದುಹೋಯಿತು. ತಂಗಿ ಹೀಗೆ ಬಂದು ಅತ್ತಿದ್ದಾಳೆ, ಇವಳಿಗೆ ಇನ್ನೂ ಸಾಕ್ಷಿ ಬೇಕೇ! ಎಂಥ ಕಲ್ಲು ಮನಸ್ಸು ಎಂದುಕೊಂಡೆ.

ಮೂರು ತಾಸು ಕಾದೆವು. ದೊಡ್ಡವ್ವ ಪಡಸಾಲೆಯಲ್ಲೇ ಕೂತು ಒಂದು ಮೊರದ ತುಂಬ ಶೇಂಗಾ ಸುಲಿಯತೊಡಗಿದಳು. ಸ್ವಲ್ಪ ಹೊತ್ತಿಗೆ ಚಿಗವ್ವನೂ ಜರುಗಿ ಹೋಗಿ ಮೊರದ ಇನ್ನೊಂದು ಬದಿಗೆ ಕೂತಳು. ಒಬ್ಬಳಿಗೆ ದನಿ ಇಲ್ಲ, ಇದ್ದವಳು ಮಾತಾಡುತ್ತಿಲ್ಲ. ಕಾಯಿ ಒಡೆಯುವ ಸಪ್ಪಳವೊಂದೇ. ನಾನು ಚಾರ್ಜರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ದೇವರ ಮುಂದೆ ಕೂತ ಹಾಗೆ ಅದರ ಮುಂದೆ ಕೂತೆ. ದೀಪ ಹಚ್ಚುವ ಹೊತ್ತಿಗೆ ಕರೆಂಟ್ ಬಂತು.

ಮಂದಿ ಒಬ್ಬರೂ ತಪ್ಪದೆ ಬಂದರು. ಈ ಸಲ ನೀರಿಲ್ಲ, ಚಹಾ ಇಲ್ಲ, ಮಳೆ ಬೆಳೆ ಇಲ್ಲ. ಚಿಗವ್ವ ಅಳಲಿಲ್ಲ. ಮೊದಲು ಹೊಡೆದ ಉದ್ದ ಸಾಲು ಮತ್ತೆ ಬರಲಿಲ್ಲವೋ, ಸಾಕು ಅನಿಸಿತೋ, ಚಿಕ್ಕದಾಗಿ ಮುಗಿಸಿದಳು. ಯಂತ್ರ ತನ್ನ ಬಸ್ ಸ್ಟ್ಯಾಂಡಿನ ದನಿಯಲ್ಲಿ ಹೇಳಿತು:

“ಅಕ್ಕಾ. ಅವ್ವನ್ನ ನೀ ಕೊಂದಿ ಅಂದಿದ್ನಿ. ಅದು ಸುಳ್ಳು. ಅವ್ವ ತಾನ ದವಾಖಾನಿ ಒಲ್ಲೆ ಅಂದಿರಬೇಕು. ನಾನೂ ಹಂಗ ಅಂದು ದನಿ ಕಳಕೊಂಡೆ. ತಪ್ಪು ನಂದು. ಎಲ್ಲಾರ ಮುಂದ ಹೇಳಾಕತ್ತೇನಿ.”

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ದೊಡ್ಡಪ್ಪ, “ಮುಗೀತು ಬಿಡ್ರಿ ಇನ್ನ” ಎಂದು ಏಳಲು ನೋಡಿದರು. ದೊಡ್ಡವ್ವ ಕೈ ಎತ್ತಿ ಅವರನ್ನು ಕೂಡಿಸಿದಳು.

“ಇನ್ನೊಮ್ಮೆ ಹೇಳು,” ಎಂದಳು.

ಚಿಗವ್ವ ನನ್ನನ್ನು ನೋಡಿದಳು. ನನಗೆ ಎದ್ದು ಹೋಗಿಬಿಡೋಣ ಅನಿಸಿತು. ಅವಳು ಮಾತ್ರ ಅದೇ ಸಾಲನ್ನು ಮತ್ತೆ ಒತ್ತಿದಳು. ಯಂತ್ರ ಮೊದಲಿನ ಹಾಗೇ, ಒಂದು ಶಬ್ದ ಹೆಚ್ಚಿಲ್ಲ ಕಡಿಮೆಯಿಲ್ಲ, ಎಲ್ಲ ಹೇಳಿತು. ದೊಡ್ಡವ್ವ ಕಣ್ಣು ಮುಚ್ಚಿ ಕೇಳಿದಳು. ಅದು ನಿಂತ ಮೇಲೆ ಕಣ್ಣು ತೆಗೆದಳು.

“ಸುಳ್ಳಲ್ಲ ಅದು,” ಎಂದಳು. “ಅವ್ವ ಒಲ್ಲೆ ಅಂದಿದ್ದಿಲ್ಲ. ಬೆಳಗಾವಿಗಿ ಒಯ್ಯಿರಿ ಅಂತ ಮೂರು ದಿನ ಬೇಡಕೊಂಡ್ಲು. ಮನ್ಯಾಗ ಮಂದಿ ಇದ್ರು, ಹೊಲದಾಗ ಕಳೆ ತಗಿಯಾಕ ಆಳು ಹಚ್ಚಿದ್ನಿ. ನಾಳಿ ಹೋಗೂಣು ಅಂದೆ. ಮೂರು ದಿನಾನೂ ನಾಳಿ ಅಂದೆ. ನೀ ಅಂದಿದ್ದು ಖರೇ ಇತ್ತು. ಅದಕ್ಕ ನಾ ಬಾಯಿ ಬಿಡಲಿಲ್ಲ.” ಮಂದಿಯನ್ನೆಲ್ಲ ಒಂದು ಸುತ್ತು ನೋಡಿದಳು. “ಅದಕ್ಕ ನಿಮ್ಮನ್ನೆಲ್ಲಾ ಮತ್ತ ಕರದೆ.”

ನಾನು ಅವಳನ್ನು ಕಲ್ಲು ಅಂದುಕೊಂಡಿದ್ದೆ, ಆ ನಾಚಿಕೆ ಈಗಲೂ ಇದೆ. ಚಿಗವ್ವನ ಬೆರಳು ಕೀಲಿಗಳ ಮೇಲೆ ಇದ್ದವು. ಕರೆಂಟ್ ಇತ್ತು, ಯಂತ್ರಕ್ಕೆ ವೈರು ಹಚ್ಚಿತ್ತು, ಬೇಕಾದರೆ ಬೆಳಗಿನ ತನಕ ಬೈಯಬಹುದಾಗಿತ್ತು. ಅವಳು ನಿಧಾನವಾಗಿ, ಮೊದಲ ದಿನ ಕ್ಲಾಸಿಗೆ ಬಂದವರ ಹಾಗೆ ಒಂದೊಂದೇ ಕೀಲಿ ನೋಡಿ ನೋಡಿ ಹೊಡೆದಳು. ಯಂತ್ರ ಕೇಳಿತು:

“ಅವ್ವ ನನ್ನ ಕರದಿದ್ಲೇನು?”

“ಕರದಿದ್ಲು,” ಎಂದಳು ದೊಡ್ಡವ್ವ. “ಸಣ್ಣಾಕಿಗಿ ಹೇಳಿ ಕಳಸು ಅಂತಿದ್ಲು. ಅದಕ್ಕೂ ನಾಳಿ ಅಂದೆ.”

ಚಿಗವ್ವ ಮುಚ್ಚಳ ಮುಚ್ಚಿದಳು. ಮಂದಿ ಒಬ್ಬೊಬ್ಬರೇ ಎದ್ದು, ಚಪ್ಪಲಿ ಹುಡುಕಿಕೊಂಡು, ಸಪ್ಪಳ ಮಾಡದೆ ಹೋದರು. ದೊಡ್ಡವ್ವ ಕೂತಲ್ಲೇ ಇದ್ದಳು. ನಡುವೆ ಸುಲಿದ ಶೇಂಗಾದ ಮೊರ ಇತ್ತು. ಖಾನಾಪುರಕ್ಕೆ ಹೋಗುವ ಕಡೆಯ ಬಸ್ಸು ಊರ ಮುಂದೆ ಬಂದು ಹಾರ್ನ್ ಹೊಡೆಯಿತು. ನಾನು ಚಾರ್ಜರ್ ಸುತ್ತಿ ಚೀಲಕ್ಕೆ ಹಾಕಿಕೊಂಡು, “ಚಿಗವ್ವ, ಬಸ್” ಎಂದು ಎದ್ದು ನಿಂತೆ. ಚಿಗವ್ವ ಏಳಲಿಲ್ಲ.